ನಾಲ್ಕು ಜನ ಸೇರಿ ಮನೆ ಮಾಡ್ತೀವಿ ಅಂದರೆ ಬ್ರೈಟನ್ ಕೌನ್ಸಿಲ್ ಏನನ್ನುತ್ತೆ?

ಮೇ ತಿಂಗಳು ಬಂತೆಂದರೆ ನನ್ನ ವಾಟ್ಸಾಪ್‌ಗೆ ಊರಿಂದ ಮೆಸೇಜುಗಳು ಶುರುವಾಗುತ್ತವೆ. ಯಾರದೋ ತಂಗಿ, ಯಾರದೋ ಆಫೀಸಿನವರ ಮಗ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ, ವೀಸಾ ಆಗುತ್ತೆ, ಮನೆ ಹೇಗೆ ಹುಡುಕೋದು ಅಂತ. ಎಲ್ಲರ ಪ್ಲಾನೂ ಒಂದೇ ಥರ. "ಅಕ್ಕ, ನಾವು ನಾಲ್ಕು ಜನ ಫ್ರೆಂಡ್ಸ್ ಇದ್ದೀವಿ, ಒಂದು ಮೂರು ಬೆಡ್‌ರೂಮಿನ ಮನೆ ಹಿಡಿದು ಶೇರ್ ಮಾಡ್ಕೊತೀವಿ, ಬೆಂಗಳೂರಲ್ಲಿ ಮಾಡಿಲ್ವಾ?"

ಮಾಡಿದ್ದೀರಿ, ನಾನೂ ಮಾಡಿದ್ದೇನೆ. ಅಲ್ಲಿ ಏನಾಗುತ್ತಿತ್ತು? ಓನರ್ ಬಾಗಿಲಲ್ಲೇ ನಿಂತು "ಫ್ಯಾಮಿಲಿಗೆ ಮಾತ್ರ ಕೊಡೋದು, ಬ್ಯಾಚುಲರ್ಸ್ ಬೇಡ" ಅನ್ನುತ್ತಿದ್ದರು. ನಾವು ಇನ್ನೊಂದು ಬೀದಿಗೆ ಹೋಗುತ್ತಿದ್ದೆವು. ಇಲ್ಲಿ ಕಥೆ ಉಲ್ಟಾ. ಓನರ್ ಕೊಡುವುದಕ್ಕೆ ತುದಿಗಾಲಲ್ಲಿ ನಿಂತಿರುತ್ತಾನೆ, ಯಾಕೆಂದರೆ ರೂಮಿನ ಲೆಕ್ಕದಲ್ಲಿ ಬಾಡಿಗೆ ತಗೊಂಡರೆ ಒಂದು ಸಂಸಾರ ಕೊಡುವುದಕ್ಕಿಂತ ಜಾಸ್ತಿ ಹುಟ್ಟುತ್ತದೆ. "ಫ್ಯಾಮಿಲಿಗೆ ಮಾತ್ರ" ಅನ್ನುವುದು ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆ. ಅದೂ ಬಾಯಿಮಾತಲ್ಲಿ ಅಲ್ಲ, ನಕ್ಷೆ ಹಿಡಿದು, ವೃತ್ತ ಎಳೆದು, ಶೇಕಡಾವಾರು ಲೆಕ್ಕ ಹಾಕಿ.

ಇದನ್ನು ಒಬ್ಬೊಬ್ಬರಿಗೂ ವಾಯ್ಸ್ ನೋಟ್‌ನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ. ಜೊತೆಗೆ ಈ ನಿಯಮದ ಬಗ್ಗೆ ನನಗೇ ಒಂದಷ್ಟು ತಕರಾರಿದೆ, ಅದನ್ನೂ ಹೇಳುತ್ತೇನೆ.

ಮೊದಲು ಹೆಸರು. ಇಲ್ಲಿ ಹಂಚಿಕೊಂಡು ಇರುವ ಮನೆಗೆ ಎಲ್ಲರೂ ಎಚ್‌ಎಂಒ (ಹೌಸ್ ಇನ್ ಮಲ್ಟಿಪಲ್ ಆಕ್ಯುಪೇಷನ್) ಅನ್ನುತ್ತಾರೆ. ಮೂರು ಅಥವಾ ಜಾಸ್ತಿ ಜನ, ಒಂದಕ್ಕಿಂತ ಹೆಚ್ಚು ಸಂಸಾರಕ್ಕೆ ಸೇರಿದವರು, ಒಂದೇ ಅಡುಗೆಮನೆ ಅಥವಾ ಬಚ್ಚಲು ಹಂಚಿಕೊಂಡರೆ ಅದು ಎಚ್‌ಎಂಒ. 2004ರ ಹೌಸಿಂಗ್ ಆಕ್ಟ್‌ನಲ್ಲಿ ಇದರ ವಿವರ ಇದೆ. ಸಂಸಾರ ಅಂದರೆ ಯಾರು ಅನ್ನುವುದನ್ನೂ ಅಲ್ಲೇ ಪಟ್ಟಿ ಮಾಡಿದ್ದಾರೆ. ಗಂಡ ಹೆಂಡತಿ, ಮದುವೆಯಾಗದೆ ಜೊತೆಗಿರುವ ಜೋಡಿ, ಅಪ್ಪ ಅಮ್ಮ, ಮಕ್ಕಳು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಅಣ್ಣ ತಮ್ಮ ಅಕ್ಕ ತಂಗಿ, ಚಿಕ್ಕಪ್ಪ, ಅತ್ತೆ, ಸೋದರಳಿಯ, ಸೊಸೆ, ಕೊನೆಗೆ ಕಸಿನ್‌ಗಳೂ. ಓದಿದಾಗ ನನಗೆ ನಗು ಬಂತು. ಇಂಗ್ಲೆಂಡಿನ ಪಾರ್ಲಿಮೆಂಟು ನಮ್ಮ ಕೂಡುಕುಟುಂಬವನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದ ಹಾಗಿದೆ! ಅಂದರೆ ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು, ಅತ್ತೆಯ ಮಗ ಎಲ್ಲ ಸೇರಿ ಎಂಟು ಜನ ಒಂದು ಮನೆಯಲ್ಲಿ ಇಕ್ಕಟ್ಟಾಗಿ ಇದ್ದರೂ ಕೌನ್ಸಿಲ್‌ನಲ್ಲಿ ಕಟ್ಟಡದ ಬಳಕೆಗೆ ಪರ್ಮಿಷನ್ ಕೊಡುವ ಪ್ಲಾನಿಂಗ್‌ನವರ ಕಣ್ಣಿಗೆ ಅದು ಮಾಮೂಲಿ ಮನೆ. ಅದೇ ಮನೆಯಲ್ಲಿ ಮೂರು ಜನ ಗೆಳತಿಯರು ಇದ್ದರೆ ಅದು ಬೇರೆ ಜಾತಿಯ ಕಟ್ಟಡ. ಗೋಡೆ ಅದೇ, ಬಾಗಿಲು ಅದೇ. ಒಳಗಿರುವವರ ನಂಟು ಬದಲಾದರೆ ಕಟ್ಟಡದ "ಬಳಕೆ" ಬದಲಾಗುತ್ತದೆ.

ಇಬ್ಬರೇ ಗೆಳೆಯರಾದರೆ ತೊಂದರೆ ಇಲ್ಲ. ಮೂರನೆಯವನು ಸೂಟ್‌ಕೇಸ್ ಹಿಡಿದು ಬಂದಾಗಲೇ ಕಾನೂನು ಎಚ್ಚರವಾಗುವುದು.

ಈ ಬಳಕೆಗಳಿಗೆ ಇಂಗ್ಲೆಂಡಿನಲ್ಲಿ ಅಕ್ಷರ, ಅಂಕಿ ಕೊಟ್ಟಿದ್ದಾರೆ. ಸಂಸಾರ ಇರುವ ಮನೆ ಸಿ3. ಮೂರರಿಂದ ಆರು ಜನ ಹಂಚಿಕೊಂಡಿರುವ ಮನೆ ಸಿ4. ಏಳು ಅಥವಾ ಜಾಸ್ತಿ ಜನ ಇದ್ದರೆ ಅದು ಯಾವ ಗುಂಪಿಗೂ ಸೇರದ್ದು, ಅದಕ್ಕೆ ಲ್ಯಾಟಿನ್‌ನಲ್ಲಿ ಸೂಯಿ ಜೆನೆರಿಸ್ ಅನ್ನುತ್ತಾರೆ. ಸಿ4 ಅನ್ನುವುದು ಹಳೆಯದೇನಲ್ಲ. 2010ರ ಏಪ್ರಿಲ್‌ನಲ್ಲಿ ಲೇಬರ್ ಸರ್ಕಾರ ಇಳಿಯುವ ಹೊತ್ತಿಗೆ ತಂದದ್ದು. ಆಗ ಇಡೀ ಇಂಗ್ಲೆಂಡಿನಲ್ಲಿ ಸಿ3 ಮನೆಯನ್ನು ಸಿ4 ಮಾಡಬೇಕಾದರೆ ಪ್ಲಾನಿಂಗ್ ಪರ್ಮಿಷನ್ ಬೇಕಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದ ಸಮ್ಮಿಶ್ರ ಸರ್ಕಾರ, ಪರ್ಮಿಷನ್ ಬೇಡ, ಎಲ್ಲಿ ಸಮಸ್ಯೆ ಇದೆಯೋ ಅಲ್ಲಿನ ಕೌನ್ಸಿಲ್ ಬೇಕಾದರೆ ಆರ್ಟಿಕಲ್ 4 ಅನ್ನುವ ಆದೇಶ ಹೊರಡಿಸಿ ತನ್ನ ಊರಿಗೆ ಮಾತ್ರ ನಿಯಮ ತಂದುಕೊಳ್ಳಲಿ ಎಂದಿತು. ಕಡಲತೀರದ ಊರುಗಳು ಇದನ್ನು ಬೇಗ ಹಿಡಿದುಕೊಂಡವು. ಬೋರ್ನ್‌ಮತ್ 2011ರಲ್ಲೇ. ಬ್ರೈಟನ್‌ನಲ್ಲಿ 2013ರ ಏಪ್ರಿಲ್ 5ರಿಂದ ಐದು ವಾರ್ಡುಗಳಲ್ಲಿ ಜಾರಿಗೆ ಬಂತು. ಆಮೇಲೆ 2020ರ ಜೂನ್ 3ರಿಂದ ಇಡೀ ಬ್ರೈಟನ್‌ಗೆ ಮತ್ತು ಅದೇ ಕೌನ್ಸಿಲ್‌ಗೆ ಸೇರಿದ ಪಕ್ಕದ ಹೋವ್‌ಗೆ.

ಕಡಲತೀರದ ಊರುಗಳೇ ಯಾಕೆ? ಅಲ್ಲಿ ಹಳೆಯ ಬೋರ್ಡಿಂಗ್ ಹೌಸ್‌ಗಳು ರಾಶಿ ರಾಶಿ. ಬ್ರೈಟನ್‌ಗೆ ಲಂಡನ್‌ನಿಂದ ರೈಲು ಬಂದದ್ದು 1841ರಲ್ಲಿ, ಆಮೇಲೆ ನೂರು ವರ್ಷ ರಜೆಗೆ ಬರುವ ಜನರಿಗಾಗಿ ಸಣ್ಣ ಸಣ್ಣ ರೂಮುಗಳ ಮನೆಗಳು ಎದ್ದವು. ಆ ಜನ ವಿಮಾನ ಹತ್ತಿ ಸ್ಪೇನ್‌ಗೆ ಹೋಗಲು ಶುರು ಮಾಡಿದ ಮೇಲೆ ರೂಮುಗಳು ಖಾಲಿ ಬಿದ್ದವು. ಬ್ಲ್ಯಾಕ್‌ಪೂಲ್, ಮಾರ್ಗೇಟ್ ಥರದ ಊರುಗಳಲ್ಲಿ ಆ ರೂಮುಗಳಿಗೆ ಬಡವರು ಬಂದು ಸೇರಿದರು. ಅಲ್ಲಿನ ಕಷ್ಟ ಬೇರೆ, ಅದು ಬೇರೆಯದೇ ಪೋಸ್ಟ್ ಆಗುತ್ತದೆ. ಬ್ರೈಟನ್‌ನಲ್ಲಿ ಹಾಗಾಗಲಿಲ್ಲ. ಇಲ್ಲಿ ಎರಡು ಯೂನಿವರ್ಸಿಟಿ ಇವೆ, ಲಂಡನ್‌ಗೆ ಒಂದು ಗಂಟೆಯ ರೈಲು ಇದೆ, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌತ್ ಡೌನ್ಸ್ ನ್ಯಾಷನಲ್ ಪಾರ್ಕ್. ಊರು ಬೆಳೆಯಲು ಜಾಗವೇ ಇಲ್ಲ.

ಲೂಯಿಸ್ ರೋಡ್ ಹಿಡಿದು 25 ನಂಬರ್ ಬಸ್ಸಲ್ಲಿ ಯೂನಿವರ್ಸಿಟಿ ಕ್ಯಾಂಪಸ್ ಇರುವ ಫಾಲ್ಮರ್ ಕಡೆ ಹೋದರೆ ಏನಾಗಿದೆ ಅಂತ ಗೊತ್ತಾಗುತ್ತದೆ. ಬಲಗಡೆ ಎಡಗಡೆ ಮೌಲ್ಸ್‌ಕೂಂಬ್. ಅದು 1920ರ ದಶಕದಿಂದ ಊರಿನ ಕಾರ್ಪೊರೇಷನ್ ಕೂಲಿಕಾರರ ಸಂಸಾರಗಳಿಗಾಗಿ ಕಟ್ಟಿಸಿದ ಬಡಾವಣೆ. ಅಗಲವಾದ ಹುಲ್ಲುಹಾಸು, ಜೋಡಿ ಮನೆಗಳು, ಹಿಂದೆ ಉದ್ದನೆಯ ಕೈತೋಟ. 1980ರಲ್ಲಿ ಥ್ಯಾಚರ್ ಸರ್ಕಾರ ಬಾಡಿಗೆದಾರರಿಗೆ ಆ ಮನೆಗಳನ್ನು ಕೊಳ್ಳುವ ಹಕ್ಕು ಕೊಟ್ಟಿತು. ಕೊಂಡವರು ಮುಂದೆ ಮಾರಿದರು. ಕೊಂಡುಕೊಂಡವರಲ್ಲಿ ಲ್ಯಾಂಡ್‌ಲಾರ್ಡ್‌ಗಳು ಬಹಳ. ಫಾಲ್ಮರ್ ಕ್ಯಾಂಪಸ್‌ಗೆ ಬಸ್ಸಲ್ಲಿ ಹತ್ತು ನಿಮಿಷ ಅಂದಮೇಲೆ ಕೇಳಬೇಕಾ? ಮೂರು ಬೆಡ್‌ರೂಮಿನ ಮನೆ ಆರು ಬೆಡ್‌ರೂಮ್ ಆಗುವುದು ಹೇಗೆ ಅಂತ ನಾನು ಒಳಗಿದ್ದು ನೋಡಿದ್ದೇನೆ. ನಡುಮನೆ ಒಂದು ರೂಮಾಯಿತು. ಊಟದ ಕೋಣೆ ಇನ್ನೊಂದಾಯಿತು. ಅಟ್ಟ ಒಡೆದು ಹಿಂದುಗಡೆ ಪೆಟ್ಟಿಗೆಯಂಥ ಕಿಟಕಿಗೂಡು (ಡಾರ್ಮರ್) ಎಬ್ಬಿಸಿ ಅಲ್ಲೊಂದು. ಎಲ್ಲರೂ ಸೇರಿ ಕೂರುವ ಜಾಗ ಅಂತ ಉಳಿದದ್ದು ಅಡುಗೆಮನೆ ಮಾತ್ರ, ಅಲ್ಲಿ ಎರಡು ಫ್ರಿಜ್, ಒಂದು ವಾಷಿಂಗ್ ಮೆಷಿನ್, ಕಪಾಟಿನ ಒಂದೊಂದು ಅರೆಗೂ ಹೆಸರು ಬರೆದ ಟೇಪು.

ಅಂಥ ಮನೆಯ ಒಂದು ವಿಷಯ ಹೇಳಲೇಬೇಕು. ರೂಮಿನ ಬಾಗಿಲುಗಳೆಲ್ಲ ಫೈರ್ ಡೋರ್. ದಪ್ಪ, ಭಾರ, ಮೇಲೊಂದು ಕಬ್ಬಿಣದ ತೋಳು, ಬಿಟ್ಟರೆ ತಾನೇ ಧಡ್ ಅಂತ ಹಾಕಿಕೊಳ್ಳುತ್ತದೆ. ರಾತ್ರಿ ಒಬ್ಬರು ನೀರು ಕುಡಿಯಲು ಎದ್ದರೆ ಆರೂ ಜನಕ್ಕೆ ಗೊತ್ತಾಗುತ್ತದೆ. ಅಡುಗೆಮನೆಯಲ್ಲಿ ಇರುವುದು ಬಿಸಿ ಹಿಡಿಯುವ ಅಲಾರಂ, ಹೊಗೆ ಹಿಡಿಯುವುದಲ್ಲ, ಹಾಗಾಗಿ ಬಾಗಿಲು ಮುಚ್ಚಿಕೊಂಡು ಎಷ್ಟು ಒಗ್ಗರಣೆ ಹಾಕಿದರೂ ಸದ್ದಿಲ್ಲ. ಆದರೆ ಸೆಕೆ ಅಂತ ಬಾಗಿಲಿಗೆ ಅಕ್ಕಿ ಚೀಲ ಅಡ್ಡ ಇಟ್ಟು ಬ್ಯಾಡಗಿ ಮೆಣಸಿನಕಾಯಿ ಹಾಕಿದಿರೋ, ಘಾಟು ಪ್ಯಾಸೇಜಿಗೆ ಹೋಗುತ್ತದೆ, ಅಲ್ಲಿರುವುದು ಹೊಗೆಯ ಅಲಾರಂ, ಅದು ಮನೆಯ ಎಲ್ಲ ಅಲಾರಂಗಳಿಗೂ ಜೋಡಿಸಿರುತ್ತದೆ, ಎಲ್ಲವೂ ಒಟ್ಟಿಗೆ ಕೂಗುತ್ತವೆ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುತ್ತಾರೆ. ಈ ಅಲಾರಂ ಪಾಠ ಹೊಸಬರಿಗೆಲ್ಲ ಮೊದಲ ವಾರದಲ್ಲೇ ಆಗುತ್ತದೆ.

ಪಕ್ಕದ ಮನೆಯವರ ದೂರೂ ಸುಳ್ಳಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಮೂರು ಜನರಿಗೆ ಕಟ್ಟಿದ ಮನೆಯಲ್ಲಿ ಆರು ಜನ ಇದ್ದರೆ ಕಸದ ಡಬ್ಬಿ ತುಂಬಿ ಹೊರಗೆ ಕಪ್ಪು ಚೀಲ ಬೀಳುತ್ತದೆ. ಬ್ರೈಟನ್‌ನ ಸೀಗಲ್‌ಗಳು ಸಾಮಾನ್ಯದ ಹಕ್ಕಿಗಳಲ್ಲ, ಬೆಳಗಾಗುವಷ್ಟರಲ್ಲಿ ಚೀಲ ಹರಿದು ಕೋಳಿ ಮೂಳೆಯನ್ನು ರಸ್ತೆ ತುಂಬ ಹರಡಿರುತ್ತವೆ. ಹ್ಯಾನೋವರ್ ಕಡೆ ಬಣ್ಣ ಬಣ್ಣದ ಸಣ್ಣ ಮನೆಗಳು ಒಂದಕ್ಕೊಂದು ಅಂಟಿಕೊಂಡು ಗುಡ್ಡ ಹತ್ತುತ್ತವೆ, ಅಲ್ಲಿ ರಾತ್ರಿ ಮೂರು ಗಂಟೆಗೆ ಒಬ್ಬ ಹಾಡುತ್ತಾ ಮನೆಗೆ ಬಂದರೆ ಅರ್ಧ ಬೀದಿಗೆ ಎಚ್ಚರ. ಜೂನ್ ಕೊನೆಗೆ ಬೀದಿ ಪೂರ್ತಿ ಖಾಲಿ, ರಸ್ತೆ ಬದಿಯಲ್ಲಿ ಹಳೇ ಹಾಸಿಗೆ. ನಾಲ್ಕೈದು ವರ್ಷ ಒಂದೇ ಕಡೆ ಇದ್ದು ಮಕ್ಕಳನ್ನು ಪಕ್ಕದ ಸ್ಕೂಲಿಗೆ ಕಳಿಸುವ ಸಂಸಾರ ಕಮ್ಮಿ ಆದರೆ ಸ್ಕೂಲಿಗೂ ಮಕ್ಕಳು ಕಮ್ಮಿ. ಇನ್ನೊಂದು, ಪೂರ್ತಿ ವಿದ್ಯಾರ್ಥಿಗಳೇ ಇರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ. ನಾವು ಕಸ ಹಾಕುತ್ತೇವೆ, ಟ್ಯಾಕ್ಸ್ ಅವರು ಕಟ್ಟುತ್ತಾರೆ ಅನ್ನುವುದು ನೆರೆಯವರ ಹಳೆಯ ಸಂಕಟ.

ಹಾಗಾಗಿ ಕೌನ್ಸಿಲ್ ಒಂದು ಲೆಕ್ಕ ಮಾಡಿತು. ಯಾರಾದರೂ ಸಿ3 ಮನೆಯನ್ನು ಹಂಚಿಕೆ ಮನೆ ಮಾಡುತ್ತೇನೆ ಎಂದು ಅರ್ಜಿ ಹಾಕಿದರೆ, ಆ ಮನೆಯ ಸುತ್ತ 50 ಮೀಟರಿನ ವೃತ್ತ ಎಳೆಯುತ್ತಾರೆ. ಅದರೊಳಗೆ ಎಷ್ಟು ಮನೆ, ಅದರಲ್ಲಿ ಎಷ್ಟು ಆಗಲೇ ಎಚ್‌ಎಂಒ ಅಂತ ಎಣಿಸುತ್ತಾರೆ. ಶೇ 10ಕ್ಕಿಂತ ಜಾಸ್ತಿ ಇದ್ದರೆ ಅರ್ಜಿ ತಿರಸ್ಕಾರ. ಉದಾಹರಣೆಗೆ ವೃತ್ತದಲ್ಲಿ 40 ಮನೆ ಇವೆ ಅನ್ನಿ. ನಾಲ್ಕು ಎಚ್‌ಎಂಒ ಇದ್ದರೆ ಸರಿಯಾಗಿ ಶೇ 10, ನಿಮಗೆ ಸಿಗಬಹುದು. ಐದು ಇದ್ದರೆ ಇಲ್ಲ. ಇದು 2016ರ ಸಿಟಿ ಪ್ಲಾನ್‌ನ ಸಿಪಿ21 ಅನ್ನುವ ನಿಯಮ. 2022ರಲ್ಲಿ ಡಿಎಂ7 ಅನ್ನುವ ಇನ್ನೊಂದು ನಿಯಮ ಬಂದು ಇನ್ನಷ್ಟು ಬಿಗಿ ಮಾಡಿತು. ಸುತ್ತಲಿನ ದೊಡ್ಡ ಪ್ರದೇಶದಲ್ಲಿ ಎಚ್‌ಎಂಒ ಶೇ 20 ಮುಟ್ಟಿರಬಾರದು. ಸಂಸಾರದ ಮನೆ ಎರಡು ಎಚ್‌ಎಂಒ ನಡುವೆ ಸಿಕ್ಕಿಕೊಳ್ಳಬಾರದು, ಇದಕ್ಕೆ ಸ್ಯಾಂಡ್‌ವಿಚ್ ಆಗಬಾರದು ಅಂತಲೇ ಹೇಳುತ್ತಾರೆ. ಒಂದೇ ಸಾಲಿನಲ್ಲಿ ಮೂರು ಎಚ್‌ಎಂಒ ಬರಬಾರದು. ರೂಮುಗಳು, ಒಟ್ಟಿಗೆ ಕೂರುವ ಜಾಗ ಸಾಕಷ್ಟು ದೊಡ್ಡದಿರಬೇಕು.

ನೋಡಲು ಅಚ್ಚುಕಟ್ಟು. ನಮ್ಮ ಬೀದಿಯ ದೀಪದ ಕಂಬಕ್ಕೆ ಇಂಥ ಒಂದು ಅರ್ಜಿಯ ನೋಟಿಸು ಕಟ್ಟಿದಾಗ ಎದುರುಮನೆಯ ಅಜ್ಜಿ ಆಕ್ಷೇಪಣೆ ಪತ್ರಕ್ಕೆ ನನ್ನ ಸಹಿ ಕೇಳಿಕೊಂಡು ಬಂದರು. ಒಳ್ಳೆಯವರು. ನನ್ನ ಪಾರ್ಸೆಲ್ಲು ಇಟ್ಟುಕೊಳ್ಳುತ್ತಾರೆ, ನಾನು ಕೊಟ್ಟ ಕೋಡುಬಳೆ ಟೀ ಜೊತೆ ತಿನ್ನುತ್ತಾರೆ. "ಅವರು ಬಂದರೆ ಈ ಬೀದಿ ಮುಗೀತು" ಅಂದರು. ಆ "ಅವರು" ಅನ್ನುವುದರಲ್ಲಿ ಕೆಲವು ವರ್ಷದ ಹಿಂದಿನ ನಾನೂ ಇದ್ದೆ. ಅದನ್ನು ಹೇಳಿದೆ. "ಅಯ್ಯೋ, ನೀನಲ್ಲಮ್ಮ" ಅಂದರು. ಎಲ್ಲರೂ ಹಾಗೇ ಹೇಳುವುದು ಅಲ್ವಾ? ಸಹಿ ಹಾಕಲಿಲ್ಲ, ಆದರೆ ಅರ್ಜಿಯ ಕಾಗದಗಳನ್ನು ಆನ್‌ಲೈನ್‌ನಲ್ಲಿ ತೆಗೆದು ಕೂತು ಓದಿದೆ. ನನ್ನ ತಕರಾರು ಹುಟ್ಟಿದ್ದು ಅಲ್ಲಿಂದ.

ಏನೆಂದರೆ, ಈ ನಿಯಮ ಹೊಸದನ್ನು ತಡೆಯುತ್ತದೆ, ಹಳೆಯದನ್ನು ಮುಟ್ಟುವುದಿಲ್ಲ. ಆದೇಶ ಜಾರಿಗೆ ಬರುವ ಮುಂಚೆಯೇ ಹಂಚಿಕೆಯಲ್ಲಿದ್ದ ಮನೆ ಹಾಗೇ ಮುಂದುವರಿಯಬಹುದು. ಮೌಲ್ಸ್‌ಕೂಂಬ್, ಹ್ಯಾನೋವರ್‌ಗಳಲ್ಲಿ 2013ಕ್ಕೆ ಮುಂಚೆಯೇ ಬೀದಿಗೆ ಬೀದಿಯೇ ಬದಲಾಗಿತ್ತು. ಆಮೇಲೆ ಬಾಗಿಲು ಹಾಕಿದರು. ಹಾಕಿದ ಬಾಗಿಲ ಒಳಗೆ ಉಳಿದ ಲ್ಯಾಂಡ್‌ಲಾರ್ಡ್‌ಗೆ ಆದದ್ದೇನು? ಲಾಟರಿ. ಅವನ ಪಕ್ಕದಲ್ಲಿ ಹೊಸ ಪೈಪೋಟಿ ಬರುವ ಹಾಗಿಲ್ಲ. ಮನೆ ಮಾರುವ ಜಾಹೀರಾತುಗಳಲ್ಲಿ "ಸಿ4 ಬಳಕೆ ಇದೆ, ದಾಖಲೆ ಇದೆ" ಅಂತ ತೋರಣ ಕಟ್ಟಿದ ಹಾಗೆ ಹಾಕುತ್ತಾರೆ, ಸುಮ್ನೆ ಹಾಕುವುದಿಲ್ಲ.

ಇದಕ್ಕಿಂತ ವಿಚಿತ್ರ ಇನ್ನೊಂದಿದೆ. ಸಿ4 ಮನೆಯನ್ನು ವಾಪಸ್ ಸಿ3 ಮಾಡಲು ಪರ್ಮಿಷನ್ ಬೇಡ. ಅಂದರೆ ಲ್ಯಾಂಡ್‌ಲಾರ್ಡ್ ಈ ವರ್ಷ ಒಂದು ಸಂಸಾರಕ್ಕೆ ಕೊಟ್ಟ ಅನ್ನಿ, ಮನೆ ತಾನಾಗಿ ಸಿ3 ಆಗಿಬಿಡುತ್ತದೆ. ಸಂಸಾರ ಖಾಲಿ ಮಾಡಿದ ಮೇಲೆ ಮತ್ತೆ ವಿದ್ಯಾರ್ಥಿಗಳಿಗೆ ಕೊಡಬೇಕಾದರೆ ಹೊಸದಾಗಿ ಅರ್ಜಿ ಹಾಕಬೇಕು, ಸುತ್ತ ವೃತ್ತ ಎಳೆದರೆ ಶೇ 10 ಎಂದೋ ದಾಟಿದೆ, ಸಿಗುವುದಿಲ್ಲ. ಈಗ ನೀವೇ ಆ ಜಾಗದಲ್ಲಿ ಇದ್ದರೆ ಸಂಸಾರಕ್ಕೆ ಕೊಡುತ್ತೀರಾ? ಒಂದು ದಿನಕ್ಕೂ ಕೊಡುವುದಿಲ್ಲ. ಸಂಸಾರದ ಮನೆ ಉಳಿಸಬೇಕು ಎಂದು ತಂದ ನಿಯಮವೇ ಆ ಮನೆಗಳನ್ನು ಸಂಸಾರದಿಂದ ದೂರ ಇಟ್ಟಿದೆ. ಇದು ಗೊತ್ತಿರುವ ಕೆಲವರು ಮೊದಲೇ ಸಿ3 ಮತ್ತು ಸಿ4 ಎರಡಕ್ಕೂ ಸಲ್ಲುವ ಪರ್ಮಿಷನ್ ಕೇಳುತ್ತಾರೆ, ಹತ್ತು ವರ್ಷ ಅತ್ತ ಇತ್ತ ಬದಲಾಯಿಸಿಕೊಳ್ಳಬಹುದು. ಆದರೆ ಅದಕ್ಕೂ ಅದೇ ವೃತ್ತ ದಾಟಬೇಕು.

ಕದ್ದು ಮಾಡಿದವರೂ ಇದ್ದಾರೆ. ಪರ್ಮಿಷನ್ ಇಲ್ಲದೆ ಹತ್ತು ವರ್ಷ ಬಿಡದೆ ಹಂಚಿಕೆಯಲ್ಲಿ ನಡೆಸಿ, ಹಳೇ ಬಾಡಿಗೆ ಕರಾರುಗಳನ್ನು ತೋರಿಸಿದರೆ ಸಕ್ರಮ ಅಂತ ಸರ್ಟಿಫಿಕೇಟು ಸಿಗುತ್ತದೆ. ನಮ್ಮ ಅಕ್ರಮ ಸಕ್ರಮ ನೆನಪಾಯಿತಾ? ನನಗೂ ಆಯಿತು.

ಇನ್ನು ಸಮುದ್ರದ ಕಡೆಯ ಕಥೆ. ವಾರಾಂತ್ಯಕ್ಕೆ ಲಂಡನ್‌ನಿಂದ ಮದುವೆಗೆ ಮುಂಚಿನ ಪಾರ್ಟಿ ಮಾಡಲು ಗುಂಪು ಗುಂಪಾಗಿ ಬರುತ್ತಾರೆ. ಹುಡುಗಿಯರ ಗುಂಪಾದರೆ ಹೆನ್ ಪಾರ್ಟಿ, ಹುಡುಗರದಾದರೆ ಸ್ಟಾಗ್. ಅವರಿಗಾಗಿ ಮನೆಗಳನ್ನು ಎರಡು ರಾತ್ರಿಗೆ ಕೊಡುತ್ತಾರೆ, ಹಿತ್ತಲಲ್ಲಿ ಬಿಸಿನೀರಿನ ತೊಟ್ಟಿ ಸಮೇತ. ಇಂಗ್ಲೆಂಡಿನ ಪ್ಲಾನಿಂಗ್ ನಿಯಮಗಳಲ್ಲಿ ಇಂಥ ಅಲ್ಪಾವಧಿ ಬಾಡಿಗೆಗೆ ಸಿ4ರಂಥ ಸ್ವಂತ ಗುಂಪು ಮಾಡಿರಲಿಲ್ಲ. ಬಳಕೆ ನಿಜವಾಗಿ ಬದಲಾಗಿದೆಯಾ ಎಂದು ಒಂದೊಂದು ಮನೆಯದೂ ಬೇರೆ ಬೇರೆಯಾಗಿ ವಾದಿಸಬೇಕು. 2024ರ ಫೆಬ್ರವರಿಯಲ್ಲಿ ಆಗಿನ ಸರ್ಕಾರ ಸಿ5 ಅಂತ ಹೊಸ ಗುಂಪು ಮಾಡುತ್ತೇವೆ ಎಂದಿತು, ಜುಲೈನಲ್ಲಿ ಚುನಾವಣೆ ಬಂದು ಆ ಸರ್ಕಾರವೇ ಹೋಯಿತು. ಒಂದು ವರ್ಷ ಇದ್ದು ಓದಿ, ಇಲ್ಲೇ ಕೆಲಸ ಮಾಡುವ ಮೂರು ಜನರಿಗೆ ವೃತ್ತ, ಶೇಕಡಾ, ಸ್ಯಾಂಡ್‌ವಿಚ್ ಎಲ್ಲ ಇದೆ. ಎರಡು ರಾತ್ರಿಗೆ ಬಂದು ಕುಡಿದು ಹೋಗುವ ಹನ್ನೆರಡು ಜನರಿಗೆ ಅಂಥ ನೇರ ಲೆಕ್ಕ ಇಲ್ಲ. ನೆರೆಯವರ ನಿದ್ದೆಯೇ ಮುಖ್ಯವಾದರೆ ಮೊದಲು ಎಣಿಸಬೇಕಾದದ್ದು ಯಾವುದು?

ಹಂಚಿಕೆ ಮನೆ ಅಂದರೆ ವಿದ್ಯಾರ್ಥಿಗಳು ಅಂತ ಎಲ್ಲರ ತಲೆಯಲ್ಲಿ ಕೂತಿದೆ. ನಾನಿದ್ದ ಎರಡನೇ ಮನೆಯಲ್ಲಿ ಓದುವವಳು ನಾನೊಬ್ಬಳೇ. ಮಿಕ್ಕವರಲ್ಲಿ ಒಬ್ಬಳು ಆಸ್ಪತ್ರೆ ನರ್ಸ್, ಕೇರಳದವಳು. ಒಬ್ಬ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಪೋಲೆಂಡಿನವನು. ಇನ್ನೊಬ್ಬ ಇಲ್ಲೇ ಹುಟ್ಟಿ ಬೆಳೆದವನು, ಇದೇ ಊರಲ್ಲಿ ಒಬ್ಬನೇ ಮನೆ ಹಿಡಿಯುವಷ್ಟು ಸಂಬಳ ಇಲ್ಲದವನು. ಸಮುದ್ರದ ದಂಡೆಯಲ್ಲಿ ಟೂರಿಸ್ಟುಗಳಿಗೆ ಕಾಫಿ ಕೊಡುವವರು, ಹೋಟೆಲ್ ಹಾಸಿಗೆ ಹಾಸುವವರು ಎಲ್ಲಿರಬೇಕು? ಇನ್ನೊಂದು ತಮಾಷೆ ನೋಡಿ. ಇಲ್ಲಿ ಬಾಡಿಗೆ ಕಟ್ಟಲಾಗದವರಿಗೆ ಸರ್ಕಾರ ಕೊಡುವ ನೆರವಿನಲ್ಲಿ, ಮಕ್ಕಳಿಲ್ಲದೆ ಒಬ್ಬರೇ ಇರುವ 35 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಹಂಚಿಕೆ ಮನೆಯ ಒಂದು ರೂಮಿನ ಲೆಕ್ಕದಲ್ಲಷ್ಟೇ ದುಡ್ಡು. ಮೊದಲು 25 ಇತ್ತು, 2012ರಲ್ಲಿ 35ಕ್ಕೆ ಏರಿಸಿದರು. ನಮ್ಮಂಥ ವೀಸಾದವರಿಗೆ ಆ ನೆರವು ಇಲ್ಲ ಬಿಡಿ, ಆದರೂ ಯೋಚನೆ ಮಾಡಿ. ಒಂದು ಇಲಾಖೆ "ನಿನಗೆ ರೂಮೇ ಸಾಕು, ಹಂಚಿಕೊಂಡು ಇರು" ಅನ್ನುತ್ತದೆ. ಇನ್ನೊಂದು "ಹಂಚಿಕೆ ಮನೆ ಇನ್ನು ಈ ಬೀದಿಯಲ್ಲಿ ಬೇಡ" ಅನ್ನುತ್ತದೆ. ನಡುವೆ ಇರುವ ರೂಮುಗಳ ಬಾಡಿಗೆ ಏರದೆ ಇನ್ನೇನಾಗುತ್ತದೆ?

ನಿಯಮವೇ ಬೇಡ ಅಂತ ನಾನು ಹೇಳುತ್ತಿಲ್ಲ. ಆರ್ಟಿಕಲ್ 4 ಇಲ್ಲದಿದ್ದರೆ ಹೋವ್ ಕಡೆಯೂ ಮೌಲ್ಸ್‌ಕೂಂಬ್ ಥರವೇ ಆಗುತ್ತಿತ್ತೇನೋ. ಆದರೆ ಮನೆಗೆ ಹಂಚಿಕೆಯ ಹಕ್ಕು ಒಮ್ಮೆ ಬಂದರೆ ಶಾಶ್ವತ, ಸಂಸಾರಕ್ಕೆ ಕೊಟ್ಟರೆ ಮಾತ್ರ ಕಳೆದುಹೋಗುತ್ತದೆ ಅನ್ನುವ ಈ ಏರ್ಪಾಡು ಯಾರ ಪರ ಇದೆ ಅಂತ ಹೇಳಲು ಪ್ಲಾನಿಂಗ್ ಓದಿರಬೇಕಾಗಿಲ್ಲ. ಸಂಸಾರಕ್ಕೆ ಎರಡು ವರ್ಷ ಕೊಟ್ಟು ವಾಪಸ್ ತಗೊಳ್ಳಲು ಬಿಟ್ಟರೆ ಕೊಡುವವರು ಖಂಡಿತ ಇದ್ದಾರೆ. ಕ್ಯಾಂಪಸ್‌ನಲ್ಲಿ ಸಾಕಷ್ಟು ರೂಮು ಕಟ್ಟದೆ ಸೀಟು ಮಾತ್ರ ಹೆಚ್ಚಿಸುವ ಯೂನಿವರ್ಸಿಟಿಗಳಿಗೂ ಒಂದು ವೃತ್ತ ಎಳೆಯಬೇಕು. ಊರಲ್ಲಿ ಏಳುತ್ತಿರುವ ಖಾಸಗಿ ವಿದ್ಯಾರ್ಥಿ ಕಟ್ಟಡಗಳ ಬಾಡಿಗೆ ನೋಡಿದರೆ ಎಜುಕೇಷನ್ ಲೋನು ತಗೊಂಡು ಬಂದವರಿಗೆ ತಲೆ ತಿರುಗುತ್ತದೆ, ಅದು ಪರಿಹಾರ ಅಲ್ಲ.

ಈಗ ಸೆಪ್ಟೆಂಬರ್‌ನಲ್ಲಿ ಬರುವವರಿಗೆ ಕೆಲಸಕ್ಕೆ ಬರುವ ಮಾತು.

ಲೈಸೆನ್ಸ್ ಬೇರೆ, ಪ್ಲಾನಿಂಗ್ ಪರ್ಮಿಷನ್ ಬೇರೆ. ಇವೆರಡನ್ನೂ ಕಲಸಬೇಡಿ. ಐದು ಅಥವಾ ಜಾಸ್ತಿ ಜನ ಇರುವ ಹಂಚಿಕೆ ಮನೆಗೆ ಇಡೀ ಇಂಗ್ಲೆಂಡಿನಲ್ಲಿ ಲೈಸೆನ್ಸ್ ಕಡ್ಡಾಯ, ಬ್ರೈಟನ್‌ನಲ್ಲಿ ಮೂರು ನಾಲ್ಕು ಜನರ ಮನೆಗೂ ಪ್ರತ್ಯೇಕ ಸ್ಕೀಮ್ ಇದೆ. ಅದು ಮನೆ ಸುರಕ್ಷಿತವಾಗಿದೆಯಾ ಅಂತ ನೋಡುವುದು. ಪ್ಲಾನಿಂಗ್‌ನವರು ನೋಡುವುದು ಆ ಮನೆ ಅಲ್ಲಿ ಹಂಚಿಕೆಯಲ್ಲಿ ಇರಬಹುದಾ ಅಂತ. ಒಂದಿದ್ದು ಇನ್ನೊಂದು ಇಲ್ಲದ ಮನೆಗಳು ಉಂಟು. ಪ್ಲಾನಿಂಗ್ ಇಲ್ಲ ಅಂತಾದರೆ ನೋಟಿಸು ಬರುವುದು ಓನರ್‌ಗೆ, ಆದರೆ ನಡುವರ್ಷದಲ್ಲಿ ಸೂಟ್‌ಕೇಸ್ ಕಟ್ಟುವವರು ನೀವು. ಲೈಸೆನ್ಸ್ ಇರುವ ಮನೆಗಳ ಪಟ್ಟಿ ಕೌನ್ಸಿಲ್ ಹತ್ತಿರ ಇರುತ್ತದೆ, ಪ್ಲಾನಿಂಗ್ ಅರ್ಜಿಗಳನ್ನು ವಿಳಾಸ ಹಾಕಿ ಹುಡುಕಬಹುದು. ದುಡ್ಡು ಕಳಿಸುವ ಮುಂಚೆ ಹುಡುಕಿ. ಲೈಸೆನ್ಸ್ ಬೇಕಿದ್ದೂ ತೆಗೆಯದ ಮನೆಯಲ್ಲಿ ಇದ್ದಿರಿ ಅಂತಾದರೆ ಕಟ್ಟಿದ ಬಾಡಿಗೆಯಲ್ಲಿ ಒಂದು ಪಾಲು ವಾಪಸ್ ಕೊಡಿಸಿ ಅಂತ ಟ್ರಿಬ್ಯುನಲ್‌ಗೆ ಹೋಗುವ ಹಕ್ಕು ನಿಮಗಿದೆ. ಹೆದರಿಕೊಂಡು ಸುಮ್ಮನಿರುವವರೇ ಜಾಸ್ತಿ, ಇದರಿಂದ ವೀಸಾಗೆ ಏನೂ ಆಗುವುದಿಲ್ಲ.

ರೂಮಿನ ಅಳತೆ ಕೇಳಿ. ಲೈಸೆನ್ಸ್ ಇರುವ ಮನೆಯಲ್ಲಿ ಒಬ್ಬ ವಯಸ್ಕರು ಮಲಗುವ ರೂಮು 6.51 ಚದರ ಮೀಟರಿಗಿಂತ ಕಮ್ಮಿ ಇರುವಂತಿಲ್ಲ, ಇಬ್ಬರಿಗೆ 10.22. ಇದು 2018ರ ಅಕ್ಟೋಬರ್‌ನಿಂದ. 6.51 ಅಂದರೆ ಹೆಚ್ಚುಕಮ್ಮಿ 70 ಚದರ ಅಡಿ. 2024ರಲ್ಲಿ ಬಿಬಿಎಂಪಿ ಬೆಂಗಳೂರಿನ ಪಿಜಿಗಳಿಗೆ ನಿಯಮ ಮಾಡಿದಾಗ ತಲೆಗೆ 70 ಚದರ ಅಡಿ ಎಂದೇ ಹೇಳಿತ್ತು. ಬಿಟಿಎಂ ಲೇಔಟಿನ ಪಿಜಿಗೂ ಬ್ರೈಟನ್‌ಗೂ ಅಳತೆ ಒಂದೇ! ಇಲ್ಲಿ ಹೊಸದಾಗಿ ಪ್ಲಾನಿಂಗ್ ಕೇಳುವವರಿಂದ ಇನ್ನೂ ಸ್ವಲ್ಪ ದೊಡ್ಡ ರೂಮು ಬಯಸುತ್ತಾರೆ, 7.5 ಚದರ ಮೀಟರ್.

ಡೆಪಾಸಿಟ್ ಸಾಮಾನ್ಯವಾಗಿ ಐದು ವಾರದ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಬೆಂಗಳೂರಿನ ಹತ್ತು ತಿಂಗಳು ಕಟ್ಟಿ ಅಭ್ಯಾಸ ಇರುವವರಿಗೆ ಇದು ಹಬ್ಬ. ನಮ್ಮವರಿಗೆ ನಿಜವಾದ ಕಷ್ಟ ಗ್ಯಾರಂಟರ್. ಇಲ್ಲೇ ಇರುವ, ಸಂಬಳ ಇರುವ ಯಾರಾದರೂ ಜಾಮೀನು ನಿಲ್ಲಬೇಕು ಅನ್ನುತ್ತಾರೆ. ಯಾರೂ ಇಲ್ಲ ಅಂದರೆ ಆರು ತಿಂಗಳ, ವರ್ಷದ ಬಾಡಿಗೆ ಒಟ್ಟಿಗೆ ಕಟ್ಟಿ ಅನ್ನುತ್ತಿದ್ದರು. ನಾನೂ ಹಾಗೆ ಕಟ್ಟಿದವಳೇ, ಅಪ್ಪ ಎಫ್‌ಡಿ ಮುರಿಸಿದ್ದರು. 2025ರ ರೆಂಟರ್ಸ್ ರೈಟ್ಸ್ ಆಕ್ಟ್ ಪ್ರಕಾರ 2026ರ ಮೇ 1ರಿಂದ ಮಾಮೂಲಿ ಖಾಸಗಿ ಬಾಡಿಗೆ ಮನೆಗಳಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಮುಂಗಡ ಕೇಳುವಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಮುಂಗಡದ ದಾರಿ ಮುಚ್ಚಿದ ಮೇಲೆ, ಗ್ಯಾರಂಟರ್ ಇಲ್ಲದ ನಮ್ಮ ಹುಡುಗರನ್ನು ಬಿಟ್ಟು ಇಲ್ಲಿನವರಿಗೇ ರೂಮು ಕೊಡುವುದು ಲ್ಯಾಂಡ್‌ಲಾರ್ಡ್‌ಗೆ ಇನ್ನೂ ಸುಲಭ. ಹಾಗಾಗಿ ಮೊದಲ ವರ್ಷ ಯೂನಿವರ್ಸಿಟಿಯ ಹಾಸ್ಟೆಲಿಗೆ ಅರ್ಜಿ ಹಾಕಿ, ದುಬಾರಿ ಅನ್ನಿಸಿದರೂ. ಅಲ್ಲಿಂದ ನೋಡಿಕೊಂಡು ಹೊರಗೆ ಬನ್ನಿ.

ಇನ್ನೊಂದು ದಾರಿ ಇದೆ, ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಮನೆಯ ಓನರ್ ತಾನೇ ಅಲ್ಲಿ ವಾಸ ಇದ್ದು ಇಬ್ಬರಿಗೆ ರೂಮು ಕೊಟ್ಟರೆ ಅದು ಎಚ್‌ಎಂಒ ಅಲ್ಲ, ವೃತ್ತವೂ ಇಲ್ಲ, ಶೇಕಡಾವೂ ಇಲ್ಲ. ಲಾಡ್ಜರ್ ಅನ್ನುತ್ತಾರೆ. ಮಕ್ಕಳು ದೂರ ಹೋದ ವಯಸ್ಸಾದವರು, ಸಾಲ ತೀರಿಸುತ್ತಿರುವ ನಮ್ಮೂರಿನ ಸಾಫ್ಟ್‌ವೇರ್ ಜೋಡಿಗಳು ಹೀಗೆ ರೂಮು ಕೊಡುತ್ತಾರೆ. ಆದರೆ ಲಾಡ್ಜರ್‌ಗೆ ಬಾಡಿಗೆದಾರನಷ್ಟು ಕಾನೂನಿನ ರಕ್ಷಣೆ ಇಲ್ಲ, ಹೋಗು ಅಂದರೆ ಸ್ವಲ್ಪ ದಿನದಲ್ಲೇ ಹೋಗಬೇಕು. ಅಡುಗೆಮನೆಯ ವಿಷಯ ಮೊದಲೇ ಮಾತಾಡಿಕೊಳ್ಳಿ, ಎಷ್ಟು ಹೊತ್ತಿಗೆ, ಇಂಗು ನಡೆಯುತ್ತಾ, ಮೀನು ನಡೆಯುತ್ತಾ ಅಂತ.

ನಿಮ್ಮ ನಾಲ್ಕು ಜನರಲ್ಲಿ ಇಬ್ಬರು ಅಕ್ಕ ತಂಗಿಯರಾದರೆ, ಮಿಕ್ಕ ಇಬ್ಬರು ಗಂಡ ಹೆಂಡತಿಯಾದರೆ ಏನು ಅಂತ ಹೋದ ವರ್ಷ ಒಬ್ಬ ಕೇಳಿದ್ದ. ಎರಡು ಸಂಸಾರ, ನಾಲ್ಕು ಜನ, ಅದೂ ಎಚ್‌ಎಂಒನೇ. ನಾಲ್ವರೂ ಕಸಿನ್‌ಗಳು ಅಂತ ಸುಳ್ಳು ಹೇಳಿದರೆ ಹೇಗೆ ಅಂತಲೂ ಕೇಳಿದ. ಒಬ್ಬ ಕಲಬುರಗಿಯವನು, ಒಬ್ಬ ಮಂಗಳೂರಿನವನು, ಮಿಕ್ಕಿಬ್ಬರು ಚಂಡೀಗಡದವರು. ಪಾಸ್‌ಪೋರ್ಟಿನಲ್ಲಿ ಅಪ್ಪ ಅಮ್ಮನ ಹೆಸರು ಇರುತ್ತಲ್ಲಪ್ಪ, ಬೇಡ ಅಂದೆ.